ಸರ್ಪಸುತ್ತು ಒಣಗಿ ನಾಲ್ಕು ತಿಂಗಳಾಯಿತು, ಉರಿ ಹೋಗಿಲ್ಲ. ಬಿ12 ಕಡಿಮೆ ಇದ್ದದ್ದೇ ಕಾರಣವೇ?

ಕುಶಾವತಿ ದಂಡೆ (ಮಾರ್ಚ್ 9, ರಾತ್ರಿ 9.12)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗಿನ ಊರು ನಮ್ಮದು. ವಿಷಯ ಅಪ್ಪಯ್ಯನದು. ವಯಸ್ಸು 71. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ.

ದೀಪಾವಳಿ ಕಳೆದ ವಾರ ಬಲ ಪಕ್ಕೆಯಲ್ಲಿ ಉರಿ ಎಂದರು. ಅಡಿಕೆ ಕೊಯ್ಲಿನ ಸಮಯ, ಗೊನೆ ಹೊತ್ತು ಉಳುಕಿರಬೇಕು ಎಂದುಕೊಂಡು ನೋವಿನ ಎಣ್ಣೆ ತಿಕ್ಕಿದೆವು. ಮೂರನೆಯ ದಿನ ಬೆನ್ನಿನಿಂದ ಹೊಕ್ಕುಳಿನ ಕಡೆಗೆ ಸಾಲಾಗಿ ನೀರುಗುಳ್ಳೆ ಎದ್ದವು. ನೋಡಿದವರೆಲ್ಲ ಸರ್ಪಸುತ್ತು ಎಂದರು. ಪಕ್ಕದ ಊರಿನಲ್ಲಿ ಮದ್ದು ಕೊಡುವವರಿಂದ ಕೆಮ್ಮಣ್ಣು ಹಚ್ಚಿಸಿ, ಗುಳ್ಳೆ ಎದ್ದ ಆರನೆಯ ದಿನ ಡಾಕ್ಟರ ಬಳಿ ಹೋದೆವು. ಗುಳ್ಳೆಗಳೇನೋ ಒಣಗಿದವು, ಹಕ್ಕಳೆ ಉದುರಿತು, ಈಗ ಅಲ್ಲಿ ಬಿಳಿ ಕಲೆ ಬಿಟ್ಟರೆ ಏನೂ ಇಲ್ಲ. ಉರಿ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಬನಿಯನ್ ಸೋಕಿದರೆ ಹಲ್ಲು ಕಚ್ಚುತ್ತಾರೆ. ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಅಷ್ಟು ನೋವಿಲ್ಲ, ಹಗುರವಾಗಿ ತಾಗಿದರೆ ಬೆಂಕಿ. ರಾತ್ರಿ ಹೊದಿಕೆ ಮೈಗೆ ತಾಗಬಾರದೆಂದು ಅಮ್ಮ ಕೋಳಿ ಮುಚ್ಚುವ ಬಿದಿರಿನ ಬುಟ್ಟಿಯನ್ನು ತೊಳೆದು, ಎರಡು ಬದಿ ಕತ್ತರಿಸಿ, ಹೊಟ್ಟೆಯ ಮೇಲೆ ಕಮಾನಿನಂತೆ ಇಟ್ಟು, ಅದರ ಮೇಲೆ ಕಂಬಳಿ ಹೊದಿಸುತ್ತಾರೆ. ಹಾಗಿದ್ದರೂ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂತಿರುತ್ತಾರೆ.

ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆವು. ಬಿ12 ಬಂದದ್ದು 154, ವಿಟಮಿನ್ ಡಿ 13. ದಿನ ಬಿಟ್ಟು ದಿನ ಐದು ಕೆಂಪು ಇಂಜೆಕ್ಷನ್ ಆಯಿತು. ನಾನೇ ಅವಸರಪಟ್ಟು ಎರಡು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದರೆ ಬಿ12 1,400 ದಾಟಿತ್ತು. ನೋವು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ನೋವಿಗೆಂದು ಗ್ಯಾಬಪೆಂಟಿನ್ 300 ಕೊಟ್ಟಿದ್ದರು. ನಾಲ್ಕು ದಿನ ನುಂಗಿ ತಲೆ ಸುತ್ತುತ್ತದೆ ಎಂದು ಅಪ್ಪಯ್ಯ ಅವರಷ್ಟಕ್ಕೆ ಅವರೇ ನಿಲ್ಲಿಸಿದರು.

ಈಗ ಭಾವ ಹೇಳುವುದು ಇಂಜೆಕ್ಷನ್ ಇನ್ನೂ ಹತ್ತು ಹಾಕಿಸಿ ಎಂದು. ಬೆಂಗಳೂರಿನ ಚಿಕ್ಕಪ್ಪನ ಮಗ ವಿಟಮಿನ್ ಸಿ ಡ್ರಿಪ್ ಹಾಕಿಸಿ ಎನ್ನುತ್ತಾನೆ. ವಿಟಮಿನ್ ಕೊರತೆಯಿಂದಲೇ ಈ ನೋವು ಬಂದಿದ್ದರೆ, ಅದು ತುಂಬಿದ ಮೇಲೂ ಏಕೆ ಹೋಗಿಲ್ಲ? ಇನ್ನೊಂದು, ನಾವು ವಾರಕ್ಕೆ ಮೂರು ದಿನ ಮೀನು ತಿನ್ನುವ ಮನೆಯವರು. ನಮಗೆ ಬಿ12 ಕೊರತೆ ಎಲ್ಲಿಂದ ಬಂತು?

ಹೊಸನಗರದವ (9.20)

ಕೆಮ್ಮಣ್ಣು ಹಚ್ಚಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ತಲೆ ಬಾಲ ಕೂಡುತ್ತಿತ್ತು. ಉಳಿದದ್ದು ನಿಧಾನವಾಗಿ ಹೋಗುತ್ತದೆ ಬಿಡಿ.

ನರ್ಸಕ್ಕ (9.41)

ತಲೆ ಬಾಲ ಕೂಡುವುದೇ ಇಲ್ಲ ಮಾರಾಯರೇ. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದವಳು, ಸೊಂಟವನ್ನು ಪೂರ್ತಿ ಸುತ್ತಿದ ಸರ್ಪಸುತ್ತನ್ನು ನಾನು ಒಮ್ಮೆಯೂ ನೋಡಿಲ್ಲ. ಬೆನ್ನುಹುರಿಯ ಎರಡು ಪಕ್ಕದಿಂದಲೂ ನರಗಳು ಜೋಡಿಯಾಗಿ ಹೊರಡುತ್ತವೆ. ಬಲಗಡೆಯ ನರ ಮೈಯ ಬಲ ಅರ್ಧಕ್ಕೆ, ಎಡಗಡೆಯದು ಎಡ ಅರ್ಧಕ್ಕೆ. ಗುಳ್ಳೆ ಏಳುವುದು ಒಂದು ನರ ಹರಡಿರುವ ಪಟ್ಟಿಯಲ್ಲಿ. ಹೊಕ್ಕುಳಿನ ಗೆರೆಗೆ ಬಂದಾಗ ಆ ನರವೇ ಮುಗಿಯುತ್ತದೆ, ಗುಳ್ಳೆಯೂ ಅಲ್ಲಿಗೆ ನಿಲ್ಲುತ್ತದೆ. ತಾನೇ ನಿಲ್ಲುವುದನ್ನು ನಿಲ್ಲಿಸಿದೆ ಎಂದು ಕಾಸು ಪಡೆಯುವವನಿಗೆ ಯಾವತ್ತೂ ಸೋಲಿಲ್ಲ.

ಕುಶಾವತಿ ತಮ್ಮಾ, ಬೇಸರಪಡಬೇಡ, ಆದದ್ದು ಆಯಿತು. ವೈರಾಣುವಿನ ಮಾತ್ರೆಯನ್ನು, ಅಂದರೆ ಅಸೈಕ್ಲೋವಿರ್ ಅಥವಾ ವ್ಯಾಲಸೈಕ್ಲೋವಿರ್, ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಗುಳ್ಳೆ ಬೇಗ ಒಣಗುತ್ತದೆ, ಮೊದಲ ದಿನಗಳ ನೋವೂ ತಗ್ಗುತ್ತದೆ. ಹಾಗೆಂದು ಹೊತ್ತಿಗೆ ಸರಿಯಾಗಿ ನುಂಗಿದವರಿಗೆಲ್ಲ ಆಮೇಲಿನ ನರದ ನೋವು ತಪ್ಪಿದೆಯೇ ಎಂದರೆ ಅದೂ ಇಲ್ಲ. ಅರವತ್ತು ದಾಟಿದವರಿಗೆ ಅದು ಉಳಿದುಬಿಡುವುದು ಹೆಚ್ಚು.

ಗುಳ್ಳೆ ಎದ್ದು ಮೂರು ತಿಂಗಳು ಕಳೆದ ಮೇಲೂ ಉಳಿಯುವ ಇಂಥ ನೋವಿಗೆ ಬೇರೆಯೇ ಹೆಸರಿದೆ, ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ. ಕಾರಣ ವಿಟಮಿನ್ ಅಲ್ಲ, ಆ ವೈರಾಣು ನರವನ್ನು ಕೆಡಿಸಿ ಹೋದದ್ದು. ಬನಿಯನ್ ಸೋಕಿದರೆ ಬೆಂಕಿ ಎಂದೆಯಲ್ಲ, ಅದೊಂದು ಮಾತಿನಲ್ಲೇ ಗೊತ್ತಾಗುತ್ತದೆ.

ಹೊಸನಗರದವ (9.50)

ನಮ್ಮ ಅಜ್ಜಿಗೆ ಕೆಮ್ಮಣ್ಣಿನಲ್ಲೇ ಗುಣವಾಗಿತ್ತು. ಒಂದು ಮಾತ್ರೆ ನುಂಗಿಲ್ಲ. ನೀವು ಹೇಳುವ ವೈರಾಣು ಅಜ್ಜಿಗೆ ಮಾತ್ರ ಹೆದರಿತೇ?

ನರ್ಸಕ್ಕ (9.53)

ಏನೂ ಹಚ್ಚದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ಒಣಗುತ್ತದೆ. ಅಜ್ಜಿಗೂ ಒಣಗಿತು. ಒಡೆದ ಗುಳ್ಳೆಗೆ ಮಣ್ಣು ಮೆತ್ತಿಕೊಂಡು ಕೀವು ಮಾಡಿಕೊಂಡು ಬಂದವರ ಡ್ರೆಸಿಂಗ್ ಮಾಡಿದ ಕೈ ಇದು. ಅವರ ಲೆಕ್ಕವನ್ನು ನಿಮ್ಮ ಅಜ್ಜಿಯ ಲೆಕ್ಕದ ಪಕ್ಕದಲ್ಲಿ ಯಾರೂ ಇಡುವುದಿಲ್ಲ.

ಮಾತ್ರೆ ಡಬ್ಬಿ (10.15)

ಶಿವಮೊಗ್ಗದಲ್ಲಿ ಔಷಧಿ ಅಂಗಡಿ ನನ್ನದು. ಮೀನು ತಿಂದೂ ಬಿ12 ಏಕೆ ಕಡಿಮೆ ಎಂಬ ಪ್ರಶ್ನೆಗೆ ನನ್ನ ಬಳಿ ಒಂದು ಮರುಪ್ರಶ್ನೆ ಇದೆ. ಸಕ್ಕರೆಗೆ ಯಾವ ಮಾತ್ರೆ? ಮೆಟ್‌ಫಾರ್ಮಿನ್ ಆದರೆ ಉತ್ತರ ಅಲ್ಲೇ ಇದೆ. ವರ್ಷಗಟ್ಟಲೆ ನುಂಗಿದವರಲ್ಲಿ ಅದು ಕರುಳು ಬಿ12 ಹೀರುವುದನ್ನು ತಗ್ಗಿಸುತ್ತದೆ. ಜೊತೆಗೆ ಹೊಟ್ಟೆ ಉರಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯ ಮಾತ್ರೆ ಇದೆಯೇ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇಂಥವು? ಆಹಾರಕ್ಕೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಆಮ್ಲವನ್ನೇ ನಿಲ್ಲಿಸಿದರೆ ಮೀನು ಬಂದ ದಾರಿಯಲ್ಲೇ ಹೋಗುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಟ್ಟನೆ ಗೊತ್ತಾಗುವುದಿಲ್ಲ. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಿಬಿಡಬೇಡಿ. ಬಿ12 ಸೇರಿಸಿಕೊಂಡರೆ ಸಾಕು, ಸಕ್ಕರೆ ಏರಿದರೆ ನರಕ್ಕೆ ಇನ್ನೂ ಕೇಡು.

154 ಎನ್ನುವುದು ಕೊರತೆಯೇ, ಸಂಶಯವಿಲ್ಲ. ಸಾಮಾನ್ಯವಾಗಿ 200 ಪಿಕೋಗ್ರಾಂಗಿಂತ ಕೆಳಗೆ ಇದ್ದರೆ ಕೊರತೆ ಎನ್ನುತ್ತಾರೆ, 200ರಿಂದ 300ರವರೆಗೆ ಅನುಮಾನದ ಜಾಗ. ಆದರೆ ಇಂಜೆಕ್ಷನ್ ಆದ ಮೇಲೆ ಎರಡೇ ವಾರಕ್ಕೆ ತೆಗೆಸಿದ ಆ 1,400ರ ವರದಿಯನ್ನು ಮಡಿಸಿ ಒಲೆಗೆ ಹಾಕಿ. ಅದು ರಕ್ತದಲ್ಲಿ ತೇಲುತ್ತಿರುವ ಇಂಜೆಕ್ಷನ್. ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿದದ್ದನ್ನು ನೋಡಿ ಬಾವಿ ತುಂಬಿತು ಎಂದ ಹಾಗೆ. ನರ ಸರಿಯಾಗಲು ತಿಂಗಳುಗಳು ಬೇಕು.

ಕುಶಾವತಿ ದಂಡೆ (10.22)

ಎರಡೂ ಇದೆ ಅಣ್ಣ. ಮೆಟ್‌ಫಾರ್ಮಿನ್ ದಿನಕ್ಕೆ ಎರಡು, ಪ್ಯಾಂಟೊಪ್ರಜೋಲ್ ನಾಲ್ಕೈದು ವರ್ಷದಿಂದ. ಯಾರೂ ಹೇಳಿರಲಿಲ್ಲ.

ಮಾತ್ರೆ ಡಬ್ಬಿ (10.24)

ಕೇಳಿದವರೂ ಇರಲಿಲ್ಲ. ಪ್ಯಾಂಟೊಪ್ರಜೋಲ್ ಚೀಟಿ ಇಲ್ಲದೆ ತೆಗೆದುಕೊಂಡು ಹೋಗುವವರೇ ನಮ್ಮಲ್ಲಿ ಹೆಚ್ಚು. ಕೊಡುವವರಲ್ಲಿ ನಾನೂ ಒಬ್ಬ, ಒಪ್ಪಿಕೊಳ್ಳುತ್ತೇನೆ.

ಒಂದೆಲಗ ತಂಬುಳಿ (10.48)

ಬಿ12 ನೋವು ಹೇಗಿರುತ್ತದೆ ಎಂದು ನಮ್ಮ ಅತ್ತೆಯವರಿಂದ ಕಲಿತಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮದು ಸಾಗರದ ಕಡೆ, ಶುದ್ಧ ಸಸ್ಯಾಹಾರ. ಅತ್ತೆಗೆ ಹಾಲು ಆಗುವುದಿಲ್ಲ, ಮಜ್ಜಿಗೆಯೂ ನೆಪಕ್ಕೆ. ಸೊಪ್ಪು, ಕಳಲೆ, ಕೆಸು ಎಷ್ಟು ತಿಂದರೂ ಅದರಲ್ಲಿ ಬಿ12 ಇಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವರು ಸಂಕ ದಾಟುವುದನ್ನು ನಿಲ್ಲಿಸಿದರು. ತೋಟಕ್ಕೆ ಹೋಗಲು ಹಳ್ಳದ ಮೇಲೆ ಎರಡು ಅಡಿಕೆ ಮರ ಜೋಡಿಸಿದ ಸಂಕ, ಮದುವೆಯಾಗಿ ಬಂದ ದಿನದಿಂದ ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ದಾಟಿದವರು. ಒಂದು ದಿನ ಅರ್ಧಕ್ಕೆ ಹೋಗಿ ನಿಂತು, ‘ಕಾಲಿನ ಕೆಳಗೆ ಮರ ಇದೆಯೋ ಇಲ್ಲವೋ ತಿಳಿಯುವುದಿಲ್ಲ’ ಎಂದರು. ನಾವು ವಯಸ್ಸಾಯಿತು, ಹೆದರಿಕೆ ಎಂದುಕೊಂಡೆವು. ಆಮೇಲೆ ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ತೂರಾಡತೊಡಗಿದರು. ಕಣ್ಣಿನಿಂದ ನೋಡುತ್ತಿದ್ದರೆ ಕಾಲು ಸರಿ ಬೀಳುತ್ತದೆ, ಕಣ್ಣು ಮುಚ್ಚಿದರೆ ಇಲ್ಲ. ಪರೀಕ್ಷೆ ಮಾಡಿಸಿದಾಗ ಬಿ12 112.

ಅವರಿಗೆ ಎರಡೂ ಪಾದ ಒಂದೇ ಸಮ ಜೋಮು ಹಿಡಿದಿತ್ತು, ಬೆರಳಿನಿಂದ ಶುರುವಾಗಿ ಮೇಲಕ್ಕೆ. ಒಂದು ಪಕ್ಕೆಯಲ್ಲಿ ಪಟ್ಟಿ ಕಟ್ಟಿದ ಹಾಗೆ ಅಲ್ಲ. ಕುಶಾವತಿಯವರೇ, ನಿಮ್ಮ ತಂದೆಯವರ ಪಾದಗಳ ವಿಷಯ ವಿಚಾರಿಸಿದ್ದೀರಾ? ಪಕ್ಕೆಯ ನೋವಿನ ಮುಂದೆ ಅದನ್ನು ಅವರು ಹೇಳಿರಲಾರರು.

ಮಳೆಜಿಗಣೆ (10.55)

ಅಕ್ಕ, ನಿಮ್ಮೂರಿಗೂ ಸಂಕವೇ? ನಮ್ಮಲ್ಲಿ ಪ್ರತಿ ಚುನಾವಣೆಗೂ ಕಾಲುಸೇತುವೆ ಬರುತ್ತದೆ. ಮತ ಎಣಿಕೆಯ ಮರುದಿನ ಹಳ್ಳದ ಪಾಲಾಗುತ್ತದೆ.

ಕೊಪ್ಪದ ಕಾಫಿ (10.58)

ಸಂಕಕ್ಕೆ ಹಾಕಲು ಈಗ ಗಟ್ಟಿ ಅಡಿಕೆ ಮರವಾದರೂ ಎಲ್ಲಿದೆ? ಎಲೆಚುಕ್ಕಿ ರೋಗಕ್ಕೆ ಅರ್ಧ ತೋಟ ಬೋಳಾಗಿದೆ. ಮೂರು ಸಲ ಔಷಧಿ ಹೊಡೆಸಿದೆ, ಮರ ಹತ್ತುವ ಕೊನೆಗೌಡನ ಕೂಲಿ ಕೇಳಿದರೆ ನನಗೇ ನರಶೂಲೆ.

ಒಂದೆಲಗ ತಂಬುಳಿ (11.02)

ಎಲೆಚುಕ್ಕಿಗೆ ಬೇರೆ ಚರ್ಚೆ ನಡೆಯುತ್ತಿದೆ, ಅಲ್ಲಿಗೆ ಹೋಗಿ. ಇಲ್ಲಿ ಮನುಷ್ಯರ ಎಲೆ ಉದುರುತ್ತಿದೆ.

ನಿವೃತ್ತ ಮೇಷ್ಟರು (ಮಾರ್ಚ್ 10, ಬೆಳಿಗ್ಗೆ 5.40)

ಎಲ್ಲರೂ ಸರ್ಪಸುತ್ತು ಹೊರಗಿನಿಂದ ಬಂದದ್ದು ಎನ್ನುವಂತೆ ಮಾತನಾಡುತ್ತಿದ್ದೀರಿ. ಅದು ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಾಣುವೇ. ‘ಅಮ್ಮ ಆಗಿದೆ’ ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದರಲ್ಲ, ಅದು. ಗುಣವಾದ ಮೇಲೂ ಅದು ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅರವತ್ತು ವರ್ಷವಾದರೂ ತೆಪ್ಪಗೆ ಮಲಗಿರುತ್ತದೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ ದೇಹದ ಕಾವಲು ಸಡಿಲವಾದಾಗ ಎದ್ದು, ಅದೇ ನರವನ್ನು ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಇದನ್ನು ಅಚ್ಚುಕಟ್ಟಾಗಿ ತೋರಿಸಿಕೊಟ್ಟದ್ದು ದೊಡ್ಡ ಸಂಶೋಧನಾಲಯದವರಲ್ಲ. ಎಡ್ಗರ್ ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ಸಣ್ಣ ಊರಿನ ವೈದ್ಯರು, ತಮ್ಮ ಚಿಕಿತ್ಸಾಲಯಕ್ಕೆ ಬಂದ ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟು, 1965ರಲ್ಲಿ ಬರೆದರು.

ಇನ್ನು ಇಂಜೆಕ್ಷನ್ ಕೆಂಪಗಿರುವುದು ಏಕೆಂದು ಯಾರೂ ಕೇಳಲಿಲ್ಲ. ಬಿ12ರ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಕೂತಿದೆ. ‘ಕೊಬಾಲಮಿನ್’ ಎಂಬ ಹೆಸರು ಬಂದದ್ದೂ ಅದರಿಂದಲೇ. ಆ ಅಣುವಿನ ರಚನೆಯನ್ನು ಡೊರೊಥಿ ಹಾಡ್ಜ್‌ಕಿನ್ 1956ರಲ್ಲಿ ಕ್ಷಕಿರಣದಿಂದ ಬಿಡಿಸಿದರು, 1964ರಲ್ಲಿ ನೊಬೆಲ್ ಬಂತು. ಕೈಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದ ಹೆಂಗಸು ಮಾಡಿದ ಕೆಲಸ ಅದು.

ಮಳೆಜಿಗಣೆ (7.05)

ಕೇಳದಿದ್ದರೂ ಹೇಳುವುದು ಮೇಷ್ಟರ ಧರ್ಮ. ಪರೀಕ್ಷೆಗೆ ಇದು ಬರುತ್ತದೆಯೇ ಮೇಷ್ಟರೇ?

ಕುಶಾವತಿ ದಂಡೆ (7.30)

ತಂಬುಳಿ ಅಕ್ಕ, ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದೆ. ‘ಅದು ಬಂದು ಎರಡು ವರ್ಷವಾಯಿತಲ್ಲ’ ಎಂದರು! ಎರಡೂ ಪಾದ ಜೋಮು. ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲವಂತೆ. ಗದ್ದೆಯಲ್ಲಿ ಒಂದು ಚಪ್ಪಲಿ ಕಳೆದುಕೊಂಡು ಬಂದಾಗ ಅಮ್ಮ ಬೈದದ್ದು ನನಗೆ ನೆನಪಿದೆ, ನಾವೆಲ್ಲ ನಕ್ಕಿದ್ದೆವು.

ನರ್ಸಕ್ಕ (7.52)

ಹಾಗಾದರೆ ಒಂದೇ ಮೈಯಲ್ಲಿ ಎರಡು ಬೇರೆ ನೋವು. ಪಕ್ಕೆಯದು ಸರ್ಪಸುತ್ತಿನದು. ಪಾದದ್ದು ಬಿ12 ಕೊರತೆಯದೋ, ಸಕ್ಕರೆಯದೋ, ಎರಡೂ ಕೂಡಿಯೋ, ಅದನ್ನು ಡಾಕ್ಟರು ನೋಡಿ ಹೇಳಬೇಕು. ಬಿ12 ತುಂಬಿಸಲೇಬೇಕು, ಪಾದಕ್ಕಾಗಿ. ಅದು ಪಕ್ಕೆಯ ಉರಿಯನ್ನೂ ಆರಿಸಲಿ ಎಂದು ಕಾಯುತ್ತಾ ಕೂತರೆ ಅಪ್ಪಯ್ಯ ಜಗಲಿಯಲ್ಲೇ ಮಳೆಗಾಲ ಕಳೆಯುತ್ತಾರೆ.

ಪಕ್ಕೆಗೆ ಬೇಕಾದ್ದು ಅವರು ನಿಲ್ಲಿಸಿದ ಮಾತ್ರೆ, ಅಥವಾ ಅದರ ಬಳಗದ್ದು. ಗ್ಯಾಬಪೆಂಟಿನ್ ನಾಲ್ಕು ದಿನಕ್ಕೆ ಕೆಲಸ ಮಾಡುವ ಮಾತ್ರೆಯಲ್ಲ. ರಾತ್ರಿ ಒಂದರಿಂದ ಶುರು ಮಾಡಿ, ತಲೆ ಸುತ್ತು ಹೊಂದಿಕೊಂಡ ಹಾಗೆ, ವಾರಗಳ ಮೇಲೆ ಏರಿಸುತ್ತಾರೆ. ಮೂತ್ರಪಿಂಡ ಹೇಗಿದೆ ಎಂದು ಕ್ರಿಯಾಟಿನಿನ್ ನೋಡಿ ಪ್ರಮಾಣ ಗೊತ್ತು ಮಾಡಬೇಕು, ಸಕ್ಕರೆ ಇರುವವರಲ್ಲಂತೂ. ರಾತ್ರಿ ಎದ್ದರೆ ಗೋಡೆ ಹಿಡಿದು ನಡೆಯಲಿ, ಪಾದಕ್ಕೆ ಸ್ಪರ್ಶವೂ ಇಲ್ಲ, ತಲೆಯೂ ಸುತ್ತುತ್ತದೆ ಎಂದರೆ ಸೊಂಟ ಮುರಿಯುವುದಕ್ಕೆ ಅಷ್ಟೇ ಸಾಕು. ತುಂಬಾ ದಿನ ನುಂಗಿದ ಮೇಲೆ ತಟ್ಟನೆ ನಿಲ್ಲಿಸಲೂ ಬಾರದು.

ಕೆಲವರಿಗೆ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಮೂತ್ರ ಕಟ್ಟುವ ತೊಂದರೆ, ಕಣ್ಣಿನ ಗ್ಲಾಕೋಮಾ ಇದ್ದರೆ ಮೊದಲೇ ಹೇಳಬೇಕು. ಅದು ಖಿನ್ನತೆಗೆ ಕೊಡುವ ಮಾತ್ರೆ, ನಿಮಗೆ ತಲೆ ಸರಿ ಇಲ್ಲ ಎಂದು ಕೊಟ್ಟಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ, ನರದ ನೋವಿಗೆ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ.

ಸಣ್ಣಮೆಣಸು (8.30)

ಮೆಣಸಿನ ಕ್ರೀಮಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನನಗೆ ಎರಡು ವರ್ಷದ ಹಿಂದೆ ಎದೆಯ ಎಡಭಾಗಕ್ಕೆ ಸರ್ಪಸುತ್ತು ಆಗಿ ಇದೇ ನೋವು ಉಳಿದಿತ್ತು. ಮೆಣಸಿನ ಖಾರದಿಂದ ಮಾಡಿದ ಕ್ರೀಮ್ ಇದೆ ಎಂದು ಓದಿದೆ. ಅಂಗಡಿಯದಕ್ಕೆ ದುಡ್ಡು ಏಕೆ ದಂಡ, ಹಿತ್ತಲಲ್ಲಿ ಸೂಜಿಮೆಣಸಿನ ಗಿಡ ಇದೆ ಎಂದು ಒಂದು ಹಿಡಿ ಕೊಯ್ದು, ಜಜ್ಜಿ, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಸೋಸಿ, ಹಚ್ಚಿಕೊಂಡೆ. ಮುಂದಿನ ಮೂರು ಗಂಟೆಯನ್ನು ನಾನು ಬಾವಿಕಟ್ಟೆಯ ಮೇಲೆ ಕಳೆದೆ. ನೀರು ಹೊಯ್ದಷ್ಟೂ ಉರಿ ಹರಡಿತು. ಕೈ ತೊಳೆದೆ ಎಂದುಕೊಂಡು ಕಣ್ಣು ಉಜ್ಜಿಕೊಂಡದ್ದನ್ನು ಬರೆಯುವುದಿಲ್ಲ. ಮರುದಿನ ಹೊಸದಾಗಿ ಗುಳ್ಳೆ ಎದ್ದಿತ್ತು, ಈ ಸಲ ಸರ್ಪದ ತಪ್ಪಿರಲಿಲ್ಲ.

ಮಾತ್ರೆ ಡಬ್ಬಿ (8.44)

ಅಂಗಡಿಯ ಕ್ರೀಮಿನಲ್ಲಿ ಕ್ಯಾಪ್ಸೈಸಿನ್ ಇರುವುದು ಶೇಕಡಾ 0.075ರಷ್ಟು, ಅಳೆದು ಹಾಕಿದ್ದು. ನಿಮ್ಮ ಸೂಜಿಮೆಣಸಿಗೆ ಅಳತೆ ಯಾರು ಹಾಕಿದರು? ಕ್ರೀಮನ್ನು ಗಾಯ ಪೂರ್ತಿ ಮಾಯ್ದ ಚರ್ಮಕ್ಕೆ ಮಾತ್ರ, ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಲು ಉರಿಯುತ್ತದೆ, ಆಮೇಲೆ ನರದ ತುದಿ ಮಂಕಾಗುತ್ತದೆ. ತಡೆಯದವರು ಲಿಡೋಕೇನ್ ಪಟ್ಟಿ ಕೇಳಿ ನೋಡಬಹುದು, ಹನ್ನೆರಡು ಗಂಟೆ ಅಂಟಿಸಿ ಹನ್ನೆರಡು ಗಂಟೆ ತೆಗೆಯುವುದು. ಬನಿಯನ್ ತಾಗದ ಹಾಗೂ ಆಗುತ್ತದೆ.

ನಿವೃತ್ತ ಮೇಷ್ಟರು (9.10)

ಆ ಉರಿಯನ್ನು ಗುರುತಿಸುವ ನರದ ಗ್ರಾಹಕವನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅವರು ಬಳಸಿದ್ದೂ ಮೆಣಸಿನ ಕ್ಯಾಪ್ಸೈಸಿನ್ನೇ. ಕುದಿಯುವ ನೀರು ಮತ್ತು ಮೆಣಸು ಎರಡಕ್ಕೂ ದೇಹದಲ್ಲಿ ಒಂದೇ ಬಾಗಿಲು.

ಸಣ್ಣಮೆಣಸು (9.12)

ನನ್ನ ಮನೆಯ ಬಾವಿಕಟ್ಟೆಗೂ ಒಂದು ಕೊಡಿಸಿ ಮೇಷ್ಟರೇ.

ಐಟಿ ಅಳಿಯ (11.25)

ಬೆಂಗಳೂರಿನಲ್ಲಿ ವಿಟಮಿನ್ ಸಿ ಡ್ರಿಪ್ ಹಾಕುವ ಕಡೆ ನನ್ನ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಆರು ಸಲ ಹಾಕಿದರು. ಸ್ವಲ್ಪ ವಾಸಿ ಎಂದರು. ಸಂಶೋಧನೆಯೂ ಇದೆ, ಸುಮ್ಮನೆ ತಳ್ಳಿಹಾಕಬೇಡಿ.

ಮಾತ್ರೆ ಡಬ್ಬಿ (11.50)

ತಳ್ಳಿಹಾಕುವುದಿಲ್ಲ. 2009ರಲ್ಲಿ ತೈವಾನಿನವರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಈ ನೋವಿನ ರೋಗಿಗಳ ರಕ್ತದಲ್ಲಿ ಸಿ ಕಡಿಮೆ ಇತ್ತು, ಅದನ್ನು ರಕ್ತನಾಳಕ್ಕೆ ಕೊಟ್ಟಾಗ ತಾನಾಗಿ ಬರುವ ನೋವು ತಗ್ಗಿತು ಎಂದಿದೆ. ಅದರ ಮುಂದಿನ ಸಾಲನ್ನೂ ಓದಬೇಕು. ಮೈ ಸವರಿದಾಗ ಬರುವ ನೋವು ತಗ್ಗಲಿಲ್ಲ. ಕುಶಾವತಿಯವರ ಅಪ್ಪಯ್ಯನಿಗೆ ಬನಿಯನ್ ನೋವು, ಅದೇ ತಗ್ಗದ ಜಾತಿ. ರೋಗಿಗಳ ಸಂಖ್ಯೆಯೂ ಚಿಕ್ಕದು. ಮೊದಲು ಹಿಡಿಯುವ ಚಿಕಿತ್ಸೆಯ ಪಟ್ಟಿಗೆ ಅದು ಇನ್ನೂ ಏರಿಲ್ಲ. ಮೂತ್ರಪಿಂಡದಲ್ಲಿ ಕಲ್ಲು ಆಗುವವರಿಗೆ, ಮೂತ್ರಪಿಂಡ ಸೋತವರಿಗೆ ದೊಡ್ಡ ಪ್ರಮಾಣದ ಸಿ ಒಳ್ಳೆಯದಲ್ಲ. ಸಕ್ಕರೆಯವರಲ್ಲಿ ಇನ್ನೊಂದು ಪೇಚು, ಡ್ರಿಪ್ ಆದ ಹೊಸದರಲ್ಲಿ ಬೆರಳಿನಿಂದ ರಕ್ತ ತೆಗೆದು ನೋಡುವ ಕೆಲವು ಯಂತ್ರಗಳು ಸಕ್ಕರೆಯನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತವೆ.

ಒಂದೆಲಗ ತಂಬುಳಿ (12.05)

ಸಿ ಬೇಕೆಂದರೆ ನೆಲ್ಲಿಕಾಯಿ ತಿನ್ನಲಿ. ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ದುಡ್ಡಿಗೆ ಒಂದು ಮೂಟೆ ಬರುತ್ತದೆ.

ಭದ್ರಾವತಿ ಕಬ್ಬಿಣ (ಮಧ್ಯಾಹ್ನ 2.15)

ವಿಟಮಿನ್ ನಿರುಪದ್ರವಿ ಎಂದುಕೊಂಡವರು ನನ್ನ ಕಥೆ ಕೇಳಿ. ನರಕ್ಕೆ ಒಳ್ಳೆಯದು ಎಂದು ಬಿ ಗುಂಪಿನ ಮೂರು ಬೇರೆ ಬೇರೆ ಮಾತ್ರೆಗಳನ್ನು ಒಟ್ಟಿಗೆ, ಎರಡು ವರ್ಷ ನುಂಗಿದೆ. ಒಂದು ಮನೆಯವರು ಕೊಟ್ಟದ್ದು, ಒಂದು ಡಾಕ್ಟರದು, ಒಂದು ಜಾಹೀರಾತಿನದು. ಕೈಬೆರಳಿನ ತುದಿ ಜೋಮು ಹಿಡಿಯಿತು. ಜೋಮಿಗೆಂದು ನಾಲ್ಕನೆಯದನ್ನೂ ಸೇರಿಸಿದೆ! ಕೊನೆಗೆ ಒಬ್ಬ ವೈದ್ಯರು ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಡಿಸಿ, ಬಿ6 ಎಂಬುದಕ್ಕೆ ಪೆನ್ನಿನಿಂದ ಸುತ್ತು ಹಾಕುತ್ತಾ ಹೋದರು. ಬಿ6 ಹೆಚ್ಚಾದರೆ ಅದೇ ನರ ಕೆಡಿಸುತ್ತದೆಯಂತೆ. ಎಲ್ಲ ನಿಲ್ಲಿಸಿದ ಮೇಲೆ ಏಳೆಂಟು ತಿಂಗಳಿಗೆ ಬೆರಳಿಗೆ ಸೂಜಿ ಚುಚ್ಚಿದ್ದು ತಿಳಿಯಿತು.

ಕೊಪ್ಪದ ಕಾಫಿ (2.40)

ಡಿ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ನೆಂಟರ ಹಾಗೆ ಬಂದು ಹೋಗುತ್ತಾನೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅಲ್ಲಿಯವರಿಗೆ ಡಿ 13 ಇದ್ದರೆ ಆಶ್ಚರ್ಯವೇನು? ನನಗೂ 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟಿದ್ದರು, ವಾರಕ್ಕೊಂದು. ನಮ್ಮ ಚಿಕ್ಕಮ್ಮ ಅದನ್ನೇ ತೆಗೆದುಕೊಂಡು ಹೋಗಿ ದಿನಕ್ಕೊಂದು ಹಾಲಿಗೆ ಹಾಕಿ ಕುಡಿದರು. ವಾಂತಿ, ಬಾಯಾರಿಕೆ, ಮಲಬದ್ಧತೆ. ರಕ್ತದಲ್ಲಿ ಸುಣ್ಣದ ಅಂಶ ಏರಿ ಆಸ್ಪತ್ರೆಯಲ್ಲಿ ಒಂದು ವಾರ.

ಹೊಸನಗರದವ (ಸಂಜೆ 6.30)

ಎಲ್ಲರೂ ಗುಳಿಗೆಯ ಲೆಕ್ಕ ಹೇಳಿದಿರಿ. ನಾಗನ ಕಡೆ ಒಬ್ಬರೂ ನೋಡಲಿಲ್ಲ. ಕುಶಾವತಿಯವರೇ, ತೋಟದಲ್ಲಿ ನಾಗರಕಲ್ಲು ಇದೆಯೇ? ಈಚೆಗೆ ಜೆಸಿಬಿ ತಂದು ಏನಾದರೂ ಅಗೆಸಿದಿರಾ?

ಕುಶಾವತಿ ದಂಡೆ (6.42)

ಕಲ್ಲು ಇದೆ, ಪೂಜೆಯೂ ನಡೆಯುತ್ತದೆ. ಅಮ್ಮ ಆಶ್ಲೇಷಾ ಬಲಿಗೆ ಹೇಳಿಕೊಂಡಿದ್ದಾರೆ. ಅದು ಅವರ ಸಮಾಧಾನ, ನಾನು ತಡೆಯುವುದಿಲ್ಲ.

ನರ್ಸಕ್ಕ (7.00)

ತಡೆಯಬೇಡ. ಪೂಜೆಗೆ ಹೊರಡುವ ಮುಂಚೆ ಮಾತ್ರೆ ನುಂಗಿಸು. ನಾಗನಿಗೆ ಅದರಿಂದ ಕೋಪ ಬಂದ ದಾಖಲೆ ಇಲ್ಲ.

ಹೊಸ ಅಮ್ಮ ಶಿಕಾರಿಪುರ (8.20)

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಮಾವನವರಿಗೆ ಈಗ ಗುಳ್ಳೆ ಇದೆ. ಮನೆಯಲ್ಲಿ ಏಳು ತಿಂಗಳ ಮಗು. ಮಗುವಿಗೆ ಸರ್ಪಸುತ್ತು ಅಂಟುತ್ತದೆಯೇ?

ನರ್ಸಕ್ಕ (8.31)

ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಇನ್ನೂ ಆಗದವರಿಗೆ ಆ ಸಿಡುಬೇ ಬರಬಹುದು. ಹಕ್ಕಳೆ ಕಟ್ಟುವವರೆಗೆ ಗುಳ್ಳೆ ಮುಚ್ಚಿರಲಿ, ಟವೆಲ್ ಬೇರೆ ಇರಲಿ, ಮಗುವನ್ನು ಎತ್ತಿಕೊಳ್ಳುವುದು ಬೇಡ. ಮನೆಯಲ್ಲಿ ಬಸುರಿಯರಿದ್ದರೆ ಅವರೂ ದೂರವಿರಲಿ.

ಐಟಿ ಅಳಿಯ (9.05)

ಲಸಿಕೆ ಇದೆಯಲ್ಲ? ಶಿಂಗ್ರಿಕ್ಸ್. 2023ರಿಂದ ಭಾರತದಲ್ಲಿ ಸಿಗುತ್ತಿದೆ. ಕುಶಾವತಿಯವರ ತಂದೆಗೆ ಹಾಕಿಸಿದರೆ ನೋವು ಹೋಗುವುದಿಲ್ಲವೇ?

ಮಾತ್ರೆ ಡಬ್ಬಿ (9.18)

ಬಂದ ನೋವಿಗೆ ಅದು ಮದ್ದಲ್ಲ. ಬರದ ಹಾಗೆ ತಡೆಯುವುದಕ್ಕೆ, ಐವತ್ತು ದಾಟಿದವರಿಗೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ಬೆಲೆ ಕೇಳಿ ಎಷ್ಟೋ ಜನ ಅಂಗಡಿಯ ಮೆಟ್ಟಿಲಿನಿಂದಲೇ ಹಿಂದೆ ಹೋಗಿದ್ದಾರೆ. ಒಮ್ಮೆ ಸರ್ಪಸುತ್ತು ಬಂದವರಿಗೆ ಇನ್ನೊಮ್ಮೆ ಬರುವುದೂ ಉಂಟು, ಆದ್ದರಿಂದ ಅವರೂ ಆಮೇಲೆ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಬಹುದು.

ಕುಶಾವತಿ ದಂಡೆ (ಏಪ್ರಿಲ್ 19, ರಾತ್ರಿ 8.50)

ಕೇಳಿದವರಿಗೆಲ್ಲ ಉತ್ತರ ಕೊಡಲು ಬಂದೆ. ಮಾರನೆಯ ವಾರವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ವೈದ್ಯರು ಅಪ್ಪಯ್ಯನ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ, ‘ಯಾವ ಕಡೆಗೆ?’ ಎಂದು ಕೇಳಿದರು. ಹತ್ತರಲ್ಲಿ ಆರು ತಪ್ಪು ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಗಂಟಲು ಕಟ್ಟಿತು. ಬಿ12 ಮುಂದುವರಿಸಲು ಹೇಳಿದ್ದಾರೆ, ಪ್ಯಾಂಟೊಪ್ರಜೋಲ್ ಬೇಕಾಗಿಯೇ ಇರಲಿಲ್ಲವಂತೆ. ಡಿ ವಾರಕ್ಕೊಂದು, ಪುಡಿಯ ಪೊಟ್ಟಣಗಳು ಅಮ್ಮನ ಬೀರುವಿನಲ್ಲಿವೆ.

ಗ್ಯಾಬಪೆಂಟಿನ್ ನೂರರಿಂದ ಶುರು ಮಾಡಿ ಮೆಲ್ಲನೆ ಏರಿಸಿದರು. ಮೊದಲ ಹತ್ತು ದಿನ ಅಪ್ಪಯ್ಯ ನನ್ನನ್ನೂ ಡಾಕ್ಟರನ್ನೂ ಒಟ್ಟಿಗೆ ಬೈದರು. ಈಗ ನಾಲ್ಕು ಗಂಟೆಯವರೆಗೆ ನಿದ್ದೆ ಬರುತ್ತದೆ. ಉರಿ ಹೋಗಿಲ್ಲ, ಹತ್ತು ಇದ್ದದ್ದು ಐದಾಗಿದೆ ಎನ್ನುತ್ತಾರೆ. ಬುಟ್ಟಿ ಇನ್ನೂ ಹಾಸಿಗೆಯ ಪಕ್ಕದಲ್ಲೇ ಇದೆ, ಕೆಲವು ರಾತ್ರಿ ಬೇಕಾಗುತ್ತದೆ. ಪಾದದ ಜೋಮು ಹಾಗೇ ಇದೆ.

ಒಂದೆಲಗ ತಂಬುಳಿ (9.15)

ಪಾದಕ್ಕೆ ಆರು ತಿಂಗಳಾದರೂ ಕೊಡಿ. ನಮ್ಮ ಅತ್ತೆ ಈಗ ಸಂಕ ದಾಟುತ್ತಾರೆ, ಆದರೆ ಒಂದು ಬದಿಗೆ ಬಿದಿರು ಕಟ್ಟಿಸಿದ ಮೇಲೆ. ಪೂರ್ತಿ ಮರಳಿಲ್ಲ.

ರಿಪ್ಪನ್‌ಪೇಟೆ ಹುಡುಗಿ (9.34)

ಇಲ್ಲಿ ಕೇಳಬಹುದೇ? ನಮ್ಮ ಅಜ್ಜಿಗೆ ನಿನ್ನೆ ಸಂಜೆಯಿಂದ ಹಣೆಯ ಎಡಗಡೆ ಉರಿ. ಇವತ್ತು ಸಣ್ಣ ಗುಳ್ಳೆಗಳು ಎದ್ದಿವೆ, ಮೂಗಿನ ತುದಿಯಲ್ಲೂ ಎರಡು. ಕಣ್ಣು ಕೆಂಪಗಿದೆ. ಅಪ್ಪ ಊರಲ್ಲಿಲ್ಲ. ಎರಡು ದಿನ ಬಿಟ್ಟು ಅಪ್ಪ ಬಂದ ಮೇಲೆ ತೋರಿಸಿದರೆ ಆದೀತೇ?

ನರ್ಸಕ್ಕ (9.36)

ಬೇಡ. ಈಗಲೇ ಹೊರಡಿ. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು, ಮೂಗಿಗೆ ಬಂದಿದೆ ಎಂದರೆ ಕಣ್ಣಿಗೂ ಇಳಿಯುವ ಸಂಭವ ಹೆಚ್ಚು. ದೃಷ್ಟಿಗೇ ಅಪಾಯ. ಕಣ್ಣಿನ ವೈದ್ಯರಿರುವ ಆಸ್ಪತ್ರೆಗೇ ಹೋಗಬೇಕು. ಮುಖಕ್ಕೆ ಏನನ್ನೂ ಹಚ್ಚಬೇಡಿ.

ರಿಪ್ಪನ್‌ಪೇಟೆ ಹುಡುಗಿ (9.38)

ಈ ಹೊತ್ತಿಗೆ ಬಸ್ ಇಲ್ಲ ಅಕ್ಕ. ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ.

ಹೊಸನಗರದವ (9.39)

ನಾನು ಕೋಡೂರಿನಲ್ಲಿ ಇದ್ದೇನೆ, ಜೀಪು ಅಂಗಳದಲ್ಲೇ ಇದೆ. ಮನೆಯ ಗುರುತು, ಫೋನ್ ನಂಬರು ಇಲ್ಲಿ ಹಾಕಬೇಡ ತಂಗಿ, ನನಗೆ ಖಾಸಗಿಯಾಗಿ ಕಳಿಸು. ನನ್ನ ಹೆಂಡತಿಯೂ ಜೊತೆಗೆ ಬರುತ್ತಾಳೆ. ಅಜ್ಜಿಗೆ ಒಂದು ಶಾಲು ಹೊದಿಸಿ ಜಗಲಿಗೆ ಕರೆದುಕೊಂಡು ಬಾ. ಸಕ್ಕರೆ, ರಕ್ತದೊತ್ತಡದ ಮಾತ್ರೆ ಏನಿದ್ದರೂ ಡಬ್ಬಿ ಸಮೇತ ಚೀಲಕ್ಕೆ ಹಾಕಿಕೋ.

ರಿಪ್ಪನ್‌ಪೇಟೆ ಹುಡುಗಿ (9.43)

ಕಳಿಸಿದೆ ಅಣ್ಣ. ಜಗಲಿಯಲ್ಲಿ ಇದ್ದೇವೆ.